ಹಲವು ಕಡೆಯ ಪುಸ್ತಕಗಳು, ಒಂದೇ ಇ-ರೀಡರ್

ನನ್ನ ಇ-ರೀಡರ್‌ನಲ್ಲಿರುವ ಪುಸ್ತಕಗಳಲ್ಲಿ ಕೆಲವನ್ನು ಆನ್‌ಲೈನ್ ಮಳಿಗೆಗಳಲ್ಲಿ ಕೊಂಡಿದ್ದೇನೆ, ಕೆಲವನ್ನು 1971ರಲ್ಲಿ ಆರಂಭವಾದ ಇ-ಪುಸ್ತಕ ಭಂಡಾರ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ ಉಚಿತವಾಗಿ ಇಳಿಸಿಕೊಂಡಿದ್ದೇನೆ, ಉಳಿದವು ಡಿಜಿಟಲ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನ ಸ್ಕ್ಯಾನ್ ಪ್ರತಿಗಳು. ಓದಲು ಕುಳಿತಾಗ ಯಾವುದು ಎಲ್ಲಿಂದ ಬಂತೆಂಬುದು ಮರೆತುಹೋಗಬೇಕೆಂಬುದು ನನ್ನ ಆಸೆ. ಆದರೆ ಫೈಲಿನ ಸ್ವರೂಪವೇ ಅದನ್ನು ಪುಟಪುಟಕ್ಕೂ ನೆನಪಿಸುತ್ತದೆ.

ಈ ಸ್ವರೂಪಗಳಲ್ಲಿ ಹೆಚ್ಚು ತಂಟೆಯಿಲ್ಲದ್ದು ಇಪಬ್ (EPUB). ಅದು ಮೂಲತಃ ವೆಬ್ ಪುಟಗಳನ್ನು ಒಟ್ಟುಗೂಡಿಸಿದ ಜಿಪ್ ಕಡತವಾದ್ದರಿಂದ, ಅಕ್ಷರವನ್ನು ದೊಡ್ಡದು ಮಾಡಿದೊಡನೆ ಸಾಲುಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್‌ನಲ್ಲಿ ಕೇಬಲ್ ಮೂಲಕ ನೇರವಾಗಿ ಹಾಕಿದ ಇಪಬ್ ತೆರೆಯುವುದಿಲ್ಲ. 2022ರಿಂದ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳುಹಿಸಿದರೆ ಅದು ಪರಿವರ್ತನೆಗೊಂಡು ಬರುತ್ತದೆ.

ಪಿಡಿಎಫ್‌ನ ಕಥೆಯೇ ಬೇರೆ. ಅಲ್ಲಿ ಪುಟದ ಅಳತೆ ಮೊದಲೇ ನಿಗದಿಯಾಗಿರುವುದರಿಂದ, ದೊಡ್ಡ ಹಾಳೆಗೆಂದು ಜೋಡಿಸಿದ ಪುಟ ಆರು ಇಂಚಿನ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಹಿಗ್ಗಿಸಿದರೆ ಒಂದೊಂದು ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕು, ಕಾಗದದಂತೆ ಕಾಣುವ ಇ-ಇಂಕ್ ಪರದೆಯಾದರೆ ಪ್ರತಿ ಎಳೆತಕ್ಕೂ ಮಿಣುಕಿ, ಹಿಂದಿನ ಪುಟದ ಮಸುಕು ನೆರಳನ್ನು ಉಳಿಸಿಕೊಳ್ಳುತ್ತದೆ. ಸ್ಕ್ಯಾನ್ ಪ್ರತಿಗಳಲ್ಲಿ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಇಷ್ಟಾದರೂ ಹಳೆಯ ಕನ್ನಡ ಪಿಡಿಎಫ್‌ಗಳನ್ನು ಇಪಬ್‌ಗೆ ಬದಲಿಸುವ ಸಾಹಸಕ್ಕೆ ನಾನೀಗ ಕೈಹಾಕುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯ ಪುಟದ ಮೇಲೆ ಚೆನ್ನಾಗಿಯೇ ಕಂಡರೂ, ಒಳಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ; ಪರಿವರ್ತನೆಯಾದ ಮೇಲೆ ಮುನ್ನುಡಿಯ ಜಾಗದಲ್ಲಿ ಅರ್ಥವಾಗದ ಗೀಚಾಟ ಉಳಿಯುತ್ತದೆ.

ಕೊಂಡ ಪುಸ್ತಕಗಳಿಗೆ ಇನ್ನೊಂದು ಬಗೆಯ ತೊಡಕಿದೆ. ನಕಲು ತಡೆಯಲೆಂದು ಹಾಕುವ ಡಿಆರ್‌ಎಂ ಎಂಬ ಡಿಜಿಟಲ್ ಬೀಗವಿರುವ ಪುಸ್ತಕ ಒಂದು ಖಾತೆಗೆ ಕಟ್ಟುಬಿದ್ದಿರುತ್ತದೆಯೇ ಹೊರತು ನಮಗಲ್ಲ. ಒಂದು ಮಳಿಗೆಯಲ್ಲಿ ಇದನ್ನು ಗಮನಿಸದೆ ಕಾದಂಬರಿಯೊಂದನ್ನು ಕೊಂಡು, ಅದನ್ನು ನನ್ನ ಯಂತ್ರದಲ್ಲಿ ತೆರೆಯಲಾಗದೆ, ಕೊನೆಗೆ ಫೋನಿನಲ್ಲೇ ಓದಿ ಮುಗಿಸಿದೆ. ಅಂದಿನಿಂದ ಬೆಲೆಗಿಂತ ಮೊದಲು ಬೀಗವಿದೆಯೇ ಎಂದು ನೋಡುತ್ತೇನೆ.

ಇಷ್ಟನ್ನೂ ಒಂದೇ ಕಪಾಟಿಗೆ ತರಲು ನಾನು ನಂಬಿರುವುದು ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶವನ್ನು. ಪ್ರತಿಯೊಂದು ಪುಸ್ತಕವೂ ಮೊದಲು ಕಂಪ್ಯೂಟರಿನಲ್ಲಿರುವ ಈ ಸಂಗ್ರಹಕ್ಕೆ ಸೇರಿ, ಅಲ್ಲಿಂದ ಇ-ರೀಡರ್‌ಗೆ ಹೋಗುತ್ತದೆ. ಹೀಗಾಗಿ ಯಂತ್ರ ಕೆಟ್ಟರೂ ಪುಸ್ತಕ ಉಳಿಯುತ್ತದೆ. ಸ್ವರೂಪ ಬದಲಿಸುವುದು ಕ್ಷಣದ ಕೆಲಸ, ಸಮಯ ನುಂಗುವುದು ಹೆಸರುಗಳು. ಒಂದು ಮೂಲ ಲೇಖಕರ ಪೂರ್ಣ ಹೆಸರನ್ನು ಕೊಟ್ಟರೆ, ಇನ್ನೊಂದು ಇನಿಷಿಯಲ್‌ಗಳನ್ನು ಹೆಸರಿನ ಕೊನೆಗೆ ತಳ್ಳುತ್ತದೆ, ಮತ್ತೊಂದು ಹೆಸರಿನ ಜಾಗದಲ್ಲಿ ಸ್ಕ್ಯಾನ್ ಮಾಡಿದ ಯಂತ್ರದ ಹೆಸರನ್ನೇ ಬರೆದಿರುತ್ತದೆ. ಇ-ರೀಡರ್ ಪಾಪ, ಮೂವರೂ ಬೇರೆ ಬೇರೆ ಲೇಖಕರೆಂದೇ ತಿಳಿದು ಮೂರು ಕಡೆ ಜೋಡಿಸಿಡುತ್ತದೆ. ಭಾನುವಾರಗಳಂದು ಕುಳಿತು ಇವನ್ನು ತಿದ್ದುತ್ತಿದ್ದೇನೆ. ‘ಅಜ್ಞಾತ’ ಎಂಬ ಲೇಖಕರ ಲೆಕ್ಕದಲ್ಲಿ ಇನ್ನೂ 17 ಪುಸ್ತಕಗಳಿವೆ.