ರೊಟ್ಟಿ ಎಣಿಸುವುದು ಬಿಟ್ಟು ಹಿಟ್ಟು ತೂಗಿ: ನವನಗರದ ಶುಗರ್ ವಹಿ, ಇಲ್ಲಿಯವರೆಗೆ

ಬಾಗಲಕೋಟೆ ನವನಗರದ ಕೆಲವು ಮನೆಗಳಲ್ಲಿ ನಡೆದಿರುವ ಈ ಕೆಲಸದ ಉದ್ದೇಶ ಸರಳ. ತಟ್ಟೆಯಲ್ಲಿರುವ ಯಾವುದು ಶುಗರ್ ಏರಿಸುತ್ತದೆ ಎಂಬುದನ್ನು ಅಂದಾಜು ಬಿಟ್ಟು ಅಳತೆಯಿಂದ ತಿಳಿಯುವುದು, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರೂ ಇದ್ದಾರೆ, ಗಡಿಯಲ್ಲಿ ನಿಂತವರೂ ಇದ್ದಾರೆ. ಗಡಿ ಅಂದರೆ ಖಾಲಿ ಹೊಟ್ಟೆಯಲ್ಲಿ 100ರಿಂದ 125 (ಇಲ್ಲಿನ ಶುಗರ್ ಸಂಖ್ಯೆಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ), ಅಥವಾ ಎಚ್‌ಬಿಎ1ಸಿ, ಅಂದರೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯಿಂದ ಎರಡು-ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆ, ಶೇ. 5.7ರಿಂದ 6.4. ಖಾಲಿ ಹೊಟ್ಟೆಯ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಡಯಾಬಿಟಿಸ್. ಲಕ್ಷಣಗಳಿಲ್ಲದವರು ಇನ್ನೊಂದು ಸಲ ಲ್ಯಾಬಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಬೆರಳು ಚುಚ್ಚಿ ಶುಗರ್ ಅಳೆಯುವ ಮನೆಯ ಮೀಟರ್ ರೋಗ ನಿರ್ಧರಿಸಲಿಕ್ಕಲ್ಲ.

ಮೊದಲ ಹಂತ: ಮೀಟರ್, ವಹಿ

ವಹಿಯಲ್ಲಿ ಐದೇ ಅಂಕಣ: ಸಮಯ, ಊಟಕ್ಕೆ ಮುಂಚಿನ ರೀಡಿಂಗ್, ತಿಂದದ್ದು ಗ್ರಾಂ ಲೆಕ್ಕದಲ್ಲಿ, ಮೊದಲ ತುತ್ತಿನಿಂದ ಎರಡು ತಾಸಿಗೆ ಬಂದ ರೀಡಿಂಗ್, ಎರಡರ ವ್ಯತ್ಯಾಸ. ಊಟಕ್ಕೆ ಮುಂಚೆ 118, ಆಮೇಲೆ 176 ಬಂದರೆ ಬರೆಯಬೇಕಾದ ಸಂಖ್ಯೆ 58. 176 ಒಂದನ್ನೇ ನೋಡಿದರೆ ಊಟದ ತಪ್ಪೋ ಮೊದಲಿನಿಂದಲೇ ಏರಿತ್ತೋ ಗೊತ್ತಾಗುವುದಿಲ್ಲ. ಎರಡು ತಾಸನ್ನು ಊಟ ಮುಗಿದ ಮೇಲಿನಿಂದ ಎಣಿಸುವವರು ಬಹಳ. ಹಾಗೆ ಮಾಡಿದರೆ ಒಂದು ದಿನದ ಲೆಕ್ಕ ಇನ್ನೊಂದು ದಿನಕ್ಕೆ ಹೊಂದುವುದಿಲ್ಲ.

ಮೀಟರಿಗೆ ಸಿಕ್ಕಿಸಿ ರಕ್ತದ ಹನಿ ಹಿಡಿಯುವ ಸ್ಟ್ರಿಪ್ ಹಾಳಾಗುವುದು ಇಲ್ಲಿ ದೊಡ್ಡ ತೊಂದರೆ. ಹೆಚ್ಚಿನ ಕಂಪನಿಗಳ ಸ್ಟ್ರಿಪ್ ಇಡಬೇಕಾದದ್ದು 30 ಡಿಗ್ರಿಯೊಳಗೆ. ನಮ್ಮ ಏಪ್ರಿಲ್ ಮಧ್ಯಾಹ್ನ 40ರ ಸುತ್ತ. ಬೈಕಿನ ಡಿಕ್ಕಿ, ಕಿಟಕಿಯ ಕಟ್ಟೆ, ಒಲೆಯ ಮೇಲಿನ ಮಾಡ ಮೂರೂ ಬೇಡ. ಫ್ರಿಜ್ಜೂ ಬೇಡ, ಹೊರಗೆ ತೆಗೆದಾಗ ಪಸೆ ಹಿಡಿಯುತ್ತದೆ. ಒಳಕೋಣೆಯ ಕಪಾಟು ಸಾಕು, ಡಬ್ಬಿಯ ಮುಚ್ಚಳ ತಕ್ಷಣ ಹಾಕಬೇಕು. ಕೈ ಸಾಬೂನಿನಲ್ಲಿ ತೊಳೆದು ಪೂರ್ತಿ ಒರೆಸಿ. ದ್ರಾಕ್ಷಿ, ಬಾಳೆಹಣ್ಣು ಮುಟ್ಟಿದ ಬೆರಳಿನಲ್ಲಿ ಬರುವ 230 ರಕ್ತದ ಸಂಖ್ಯೆಯಲ್ಲ. ಒದ್ದೆ ಬೆರಳು ಹನಿಯನ್ನು ತೆಳುವಾಗಿಸಿ ಸಂಖ್ಯೆ ಇಳಿಸುತ್ತದೆ. ಚುಚ್ಚುವುದು ಬೆರಳ ತುದಿಯ ಬದಿಗೆ, ನಡುವೆ ನೋವು ಜಾಸ್ತಿ.

ಮೀಟರಿಗೆ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲೆ ಶೇ. 15ರವರೆಗೆ ಹೆಚ್ಚುಕಡಿಮೆ ಒಪ್ಪುತ್ತದೆ. ಆದ್ದರಿಂದ 142 ಹೋಗಿ 150 ಆಯಿತೆಂದು ಊಟ ಬಿಡಬೇಡಿ. ಒಂದೇ ಊಟವನ್ನು ಮೂರು ಬೇರೆ ದಿನ ಅಳೆದು ಸರಾಸರಿ ತೆಗೆದ ಮೇಲಷ್ಟೇ ಅದರ ಬಗ್ಗೆ ತೀರ್ಮಾನ.

ಎರಡನೇ ಹಂತ: ರೊಟ್ಟಿ

"ಜೋಳದ ರೊಟ್ಟಿ ಶುಗರಿಗೆ ಚಲೋ" ಎಂಬ ಮಾತು ಅರ್ಧ ಖರೆ. ಜೋಳದಲ್ಲಿ ನಾರು 100 ಗ್ರಾಂಗೆ ಸುಮಾರು 10 ಗ್ರಾಂ, ಬಿಳಿ ಅನ್ನಕ್ಕಿಂತ ಎಷ್ಟೋ ಮೇಲು. ಆದರೆ ಅದೇ 100 ಗ್ರಾಂನಲ್ಲಿ ಶುಗರ್ ಏರಿಸುವ ಕಾರ್ಬೋಹೈಡ್ರೇಟ್ (ಕಾರ್ಬ್) ಸುಮಾರು 68 ಗ್ರಾಂ. "ನಾನು ಎರಡೇ ರೊಟ್ಟಿ ತಿನ್ನುವುದು" ಅಂದರೆ ಏನೂ ಹೇಳಿದಂತಾಗಲಿಲ್ಲ. 40 ಗ್ರಾಂ ಹಿಟ್ಟಿನ ಎರಡಕ್ಕೆ 54 ಗ್ರಾಂ ಕಾರ್ಬ್, 70 ಗ್ರಾಂ ಹಿಟ್ಟಿನ ಎರಡಕ್ಕೆ 95. ಅದರ ಮೇಲೆ 150 ಗ್ರಾಂ ಅನ್ನ ಬಂದರೆ ಇನ್ನೂ 42.

ತೂಗುವ ಬಗೆ: ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣ ಹಿಟ್ಟು ತೂಗಿ, ಬಡಿದ ರೊಟ್ಟಿಗಳ ಸಂಖ್ಯೆಯಿಂದ ಭಾಗಿಸಿ. 500 ಗ್ರಾಂಗೆ ಹತ್ತು ರೊಟ್ಟಿ ಬಂದರೆ ಒಂದಕ್ಕೆ 50 ಗ್ರಾಂ, ಕಾರ್ಬ್ 34. ಬಡಿಯುವಾಗ ಉದುರಿಸುವ ಹಿಟ್ಟನ್ನೂ ಇದರೊಳಗೇ ಹಿಡಿಯಿರಿ. ಬೆಂದ ರೊಟ್ಟಿಯನ್ನು ತೂಗುವುದು ವ್ಯರ್ಥ. ಬಿಸಿ ರೊಟ್ಟಿಯಲ್ಲಿ ನೀರಿರುತ್ತದೆ, ಕಟಕ ರೊಟ್ಟಿಯಲ್ಲಿ ಅದು ಹಾರಿಹೋಗಿರುತ್ತದೆ. ಕಟಕ ರೊಟ್ಟಿ ಹಗುರ ಎಂದು ನಾಲ್ಕು ಮುರಿದು ತಿನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಸಜ್ಜಿ ರೊಟ್ಟಿಗೂ ಇದೇ ವಿಧಾನ.

ಬದಲಾವಣೆಗಳನ್ನು ಈ ಕ್ರಮದಲ್ಲಿ ತಂದಿದ್ದೇವೆ. ಮೊದಲು ರೊಟ್ಟಿಯನ್ನು 40 ಗ್ರಾಂ ಹಿಟ್ಟಿಗೆ ಇಳಿಸುವುದು. ಅದು ನೆಲೆಯಾದ ಮೇಲೆ ಉಣ್ಣುವ ಸರದಿ: ಮೊದಲು ಮೆಂತೆ ಸೊಪ್ಪು, ಸವತೆಕಾಯಿ, ಮೂಲಂಗಿಯ ಪಚಡಿ ಒಂದು ಬಟ್ಟಲು, ಆಮೇಲೆ ಮಡಕಿ ಕಾಳು ಅಥವಾ ಹೆಸರುಕಾಳಿನ ಪಲ್ಯ, ಕೊನೆಗೆ ರೊಟ್ಟಿ. ನಾರು, ಪ್ರೋಟೀನ್ ಮೊದಲು ಹೊಟ್ಟೆಗಿಳಿದರೆ ಪಿಷ್ಟ ಕರುಳಿಗೆ ನಿಧಾನವಾಗಿ ಹೋಗುತ್ತದೆ, ಏರಿಕೆ ತಗ್ಗುತ್ತದೆ. ರೊಟ್ಟಿ ಪಲ್ಯ ಕೂಡಿಸಿ ತಿನ್ನುವ ನಮ್ಮವರಿಗೆ ಇದು ಒಗ್ಗುವುದು ಕಷ್ಟ. ಪಚಡಿಯನ್ನಾದರೂ ಮುಂಚೆ ಮುಗಿಸಿ ಎಂಬಲ್ಲಿಗೆ ಒಪ್ಪಂದವಾಗಿದೆ. ಝುಣಕವನ್ನು ಬರೀ ಪ್ರೋಟೀನ್ ಎಂದು ಎಣಿಸಬೇಡಿ, ಕಡ್ಲಿ ಹಿಟ್ಟಿನಲ್ಲೂ ಪಿಷ್ಟವಿದೆ.

ಚಹಾ ಸದ್ದಿಲ್ಲದ ಕಳ್ಳ. ಎರಡು ಚಮಚೆ ಸಕ್ಕರೆಯ ಕಪ್ಪು ನಾಲ್ಕಾದರೆ 40 ಗ್ರಾಂ. ಬೆಲ್ಲಕ್ಕೆ ಬದಲಿಸಿದರೆ ಲಾಭವಿಲ್ಲ. ಮಹಾಲಿಂಗಪುರದ ಬೆಲ್ಲವೂ ಬಹುಪಾಲು ಸಕ್ಕರೆಯೇ, ಅಮೀನಗಡದ ಕರದಂಟಿನಲ್ಲಿರುವುದೂ ಅದೇ. ಶ್ರಾವಣದ ಉಪವಾಸಕ್ಕೆ ಸಾಬೂದಾಣಿ ಅಂತೂ ಹೆಚ್ಚುಕಡಿಮೆ ಬರೀ ಪಿಷ್ಟ. ಶೇಂಗಾ ಹಾಕಿದ್ದೇವೆ ಎಂಬ ಸಮಾಧಾನ ಬೇಡ.

ಒಂದು ಎಚ್ಚರಿಕೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಎಂಬ ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ರೊಟ್ಟಿ ಅರ್ಧ ಮಾಡಬಾರದು. ಊಟ ಇಳಿದು ಮದ್ದು ಅಷ್ಟೇ ಉಳಿದರೆ ಶುಗರ್ 70ರ ಕೆಳಗೆ ಬೀಳುತ್ತದೆ: ಬೆವರು, ನಡುಕ, ಗಾಬರಿ. ಆಗ ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೇ ಹಂತ: ನಡಿಗೆ

ವಾರಕ್ಕೆ 150 ನಿಮಿಷ, ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವಿಲ್ಲದೆ. ನವನಗರದ ಸೆಕ್ಟರ್ ರಸ್ತೆಗಳು ಅಗಲವಾಗಿವೆ, ನೆಪ ಹುಡುಕುವುದು ಕಷ್ಟ. ವಹಿಯಲ್ಲಿ ಕಣ್ಣಿಗೆ ಬೇಗ ಬೀಳುವುದು ಮುಂಜಾನೆಯ ನಡಿಗೆಗಿಂತ ರಾತ್ರಿ ಊಟದ ನಂತರದ 15 ನಿಮಿಷ. ಸ್ನಾಯುಗಳು ಆ ಹೊತ್ತಿಗೆ ರಕ್ತದ ಗ್ಲೂಕೋಸನ್ನೇ ಎಳೆದುಕೊಳ್ಳುತ್ತವೆ. ಜೊತೆಗೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಹತ್ತರಂತೆ ಮೂರು ಸರದಿ.

ಪಾದದಲ್ಲಿ ಜೋಮು ಇರುವವರು ಬರಿಗಾಲಿನಲ್ಲಿ ನಡೆಯಬಾರದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಈ ಸಾಲನ್ನು ಎರಡು ಸಲ ಓದಲಿ. ಕಾದ ಡಾಂಬರಿನ ಬೊಕ್ಕೆ ಅವರಿಗೆ ನೋವಾಗದೆಯೇ ಹುಣ್ಣಾಗುತ್ತದೆ. ಹರಕೆಯಿದ್ದರೂ ಸಾಕ್ಸು, ಬೂಟು, ಪ್ರತಿ ರಾತ್ರಿ ಅಂಗಾಲಿನ ಪರೀಕ್ಷೆ.

ಗಡಿಯಲ್ಲಿರುವವರಿಗೆ ಈ ಎರಡು ಹಂತಗಳೇ ಮುಖ್ಯ ಮದ್ದು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಊಟ, ನಡಿಗೆ, ತೂಕ ಇಳಿಕೆಯಿಂದ ಡಯಾಬಿಟಿಸ್‌ಗೆ ಜಾರುವುದು ಶೇ. 58 ತಗ್ಗಿತು, ಮೆಟ್‌ಫಾರ್ಮಿನ್ ಎಂಬ ಶುಗರ್ ಗುಳಿಗೆಯಿಂದ ಶೇ. 31. 2006ರ ಭಾರತದ ಅಧ್ಯಯನದಲ್ಲಿ ಜೀವನಶೈಲಿಯಿಂದ ಶೇ. 28.5, ಮೆಟ್‌ಫಾರ್ಮಿನ್‌ನಿಂದ ಶೇ. 26.4. ನಮ್ಮವರಲ್ಲಿ ಲಾಭ ಕಡಿಮೆ ಕಂಡರೂ ಗುಳಿಗೆಗೆ ಸರಿಸಮ. ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಬರೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

ನಾಲ್ಕನೇ ಹಂತ: ಪುಡಿ, ಗುಳಿಗೆ, ಕಷಾಯ

ಇದನ್ನು ಬೇಕೆಂದೇ ಕೊನೆಗಿಟ್ಟಿದ್ದು. ಎಲ್ಲರೂ ಕೇಳುವುದು ಇದನ್ನೇ, ಕೆಲಸ ಮಾಡುವುದು ಎಲ್ಲಕ್ಕಿಂತ ಕಡಿಮೆ ಇದೇ.

ಮೆಂತೆ ಕಾಳು ಪಟ್ಟಿಯಲ್ಲಿ ಉಳಿದಿದೆ. 5 ಗ್ರಾಂ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಿನ ಸಮೇತ ಅಗಿದು ತಿನ್ನುವುದು. ಹೊಟ್ಟೆ ಒಗ್ಗಿದರೆ 10 ಗ್ರಾಂ. ಕಾಳು ಎಸೆದು ನೀರಷ್ಟೇ ಕುಡಿದರೆ ಕೆಲಸ ಮಾಡುವ ಲೋಳೆ ನಾರಿನ ಬಹುಭಾಗ ಕಸದ ಬುಟ್ಟಿಗೆ ಹೋಗುತ್ತದೆ. ಒಮ್ಮೆಲೇ 20 ಗ್ರಾಂ ಶುರು ಮಾಡಿದವರಿಗೆ ಹೊಟ್ಟೆ ಉಬ್ಬರ, ಭೇದಿ. ಗರ್ಭಿಣಿಯರಿಗೆ ಈ ಪ್ರಮಾಣ ಬೇಡ.

ಇಸಬಗೋಲ್ 5 ಗ್ರಾಂ, ತುಂಬಿದ ಲೋಟ ನೀರಿನಲ್ಲಿ ಕಲಸಿ ಗಟ್ಟಿಯಾಗುವ ಮುಂಚೆ ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲಿ ಸಿಕ್ಕುತ್ತದೆ. ಮೆಂತೆಗೂ ಇದಕ್ಕೂ ಬೇರೆ ಗುಳಿಗೆಗಳಿಂದ ಎರಡು ತಾಸು ಅಂತರವಿರಲಿ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದು ಚಮಚೆ ಊಟದೊಳಗೇ ಬರುತ್ತವೆ. ಅವನ್ನು ಮದ್ದೆಂದು ಎಣಿಸಿಲ್ಲ.

ವಿಟಮಿನ್ ಬಿ12 ಮಾತು ಬೇರೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ, ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಮೊದಲೇ ಕಡಿಮೆ. ಪಾದದ ಜೋಮು ಶುಗರಿನದೇ ಎಂದು ಬಿಟ್ಟರೆ ಸುಲಭವಾಗಿ ಸರಿಯಾಗುವ ಕೊರತೆ ಉಳಿದುಹೋಗುತ್ತದೆ. ರಕ್ತ ಪರೀಕ್ಷಿಸಿಯೇ ಗುಳಿಗೆ ಶುರು ಮಾಡಿ. ವಿಟಮಿನ್ ಡಿ ಕೊರತೆಯಿದ್ದರೆ ಮೂಳೆಗೆ ಬೇಕು. ಆದರೆ 2019ರಲ್ಲಿ ಗಡಿಯಲ್ಲಿದ್ದವರಿಗೆ ದಿನಕ್ಕೆ 4000 ಯೂನಿಟ್ ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ ಡಯಾಬಿಟಿಸ್ ಗಣನೀಯವಾಗಿ ತಗ್ಗಲಿಲ್ಲ. 60,000 ಯೂನಿಟ್ಟಿನ ಪುಡಿಯನ್ನು ತಪಾಸಣೆಯಿಲ್ಲದೆ ವಾರವಾರ ಎಳೆಯುತ್ತ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಕ್ರೋಮಿಯಂ, ದಾಲ್ಚಿನ್ನಿ ಗುಳಿಗೆ ಕೈಬಿಟ್ಟಿದ್ದೇವೆ. ಅಂಗಡಿಯ ದಾಲ್ಚಿನ್ನಿ ಹೆಚ್ಚಾಗಿ ಕ್ಯಾಸಿಯಾ ಜಾತಿಯದು, ಅದರಲ್ಲಿರುವ ಕೂಮರಿನ್ ಎಂಬ ರಾಸಾಯನಿಕ ದಿನವೂ ಚಮಚೆಗಟ್ಟಲೆ ಹೋದರೆ ಯಕೃತ್ತಿಗೆ ಒಳ್ಳೆಯದಲ್ಲ. ಹೆಸರು, ತೂಕ ಬರೆಯದ "ಶುಗರ್ ಪುಡಿ" ಪೊಟ್ಟಣ ಯಾರೇ ಕೊಟ್ಟರೂ ಬೇಡ. ಇಂಥವುಗಳಲ್ಲಿ ಅಲೋಪಥಿ ಗುಳಿಗೆ ಬೆರೆಸಿದ್ದು ಸಿಕ್ಕಿದ ಪ್ರಕರಣಗಳಿವೆ.

ಮುಂದಿನ ಕೆಲಸ

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ, ಆದ್ದರಿಂದ ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ ಸಾಕು. ಅದರ ಜೊತೆ ಹಿಮೋಗ್ಲೋಬಿನ್ ಕೂಡ ಮಾಡಿಸಬೇಕು. ಕಬ್ಬಿಣ ಕೊರತೆಯ ರಕ್ತಹೀನತೆಯಿದ್ದರೆ ಎಚ್‌ಬಿಎ1ಸಿ ಸುಳ್ಳೇ ಏರಿ ತೋರಿಸುತ್ತದೆ, ಹೆಂಗಸರ ವಹಿಗಳಲ್ಲಿ ಇದನ್ನು ನೋಡದೆ ಮುಂದೆ ಹೋಗುವಂತಿಲ್ಲ. ಅಡುಗೆಮನೆಯಲ್ಲಿ ಬಾಕಿಯಿರುವುದು ಜೋಳದ ಹಿಟ್ಟಿಗೆ ಐದನೇ ಒಂದು ಪಾಲು ಕಡ್ಲಿ ಹಿಟ್ಟು ಬೆರೆಸಿ ಅಳೆಯುವುದು. ಬಡಿಯುವಾಗ ಅಂಚು ಬಿರಿಯದಂತೆ ಎಷ್ಟು ಬಿಸಿನೀರು ಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು, ಮೀಟರ್ ಆಮೇಲೆ.