ಗಾಜಿನ ಮೇಲೆ ಕಾಗದ ನಿಲ್ಲಬೇಕಾದರೆ

ಗಾಜಿನ ಬಾಟಲಿಗೆ ಲೇಬಲ್ ಹಚ್ಚಲು ಯಾವ ಅಂಟು ಒಳ್ಳೆಯದು ಎಂದು ಕೇಳುವವರೇ ಹೆಚ್ಚು. ಅಂಟಿನಲ್ಲಿರುವ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ಯೋಚಿಸಿ ಅನ್ನುತ್ತೇನೆ ನಾನು.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಘಟಕ. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಪುನರ್ಪುಳಿ ಶರಬತ್ತು ಮಾಡುತ್ತೇವೆ. ಗಿರಾಕಿಗಳು ಬಹುಪಾಲು ಮುಂಬಯಿ ಕನ್ನಡಿಗರೇ. ಲೇಬಲ್ ಮುದ್ರಿಸುವುದು, ಅಂಟಿಸುವುದು ನನ್ನ ಪಾಲಿನ ಕೆಲಸ.

ಮರವೋ ರಟ್ಟೋ ಆದರೆ ಅಂಟಿನ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಗಾಜು ಒಂದು ಹನಿಯನ್ನೂ ಕುಡಿಯುವುದಿಲ್ಲ. ಇದ್ದ ನೀರೆಲ್ಲ ಕಾಗದದ ಮೂಲಕವೇ ಹೊರಗೆ ಹೋಗಬೇಕು. ಜುಲೈಯಲ್ಲಿ ಇಲ್ಲಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬೇಗ ಒಣಗುವ ಲೇಬಲ್ ಮಳೆಗಾಲದಲ್ಲಿ ರಾತ್ರಿ ಕಳೆದರೂ ಜಾರುತ್ತಿರುತ್ತದೆ. ಇನ್ನಷ್ಟು ಗಟ್ಟಿಯಾಗಲಿ ಎಂದು ಅಂಟು ದಪ್ಪಗೆ ಬಳಿದರೆ ಒಣಗಬೇಕಾದ ನೀರೂ ಹೆಚ್ಚಾಯಿತು. ಒದ್ದೆಯಾಗಬಾರದು ಎಂದು ಕಾಗದಕ್ಕೆ ಮೊದಲೇ ಸೆಲೋಟೇಪೋ ಲ್ಯಾಮಿನೇಷನ್ನೋ ಹಾಕಿದರೆ ನೀರು ಹೋಗುವ ಒಂದೇ ದಾರಿಯೂ ಮುಚ್ಚಿತು. ತೆಳು ಕಾಗದ, ಅಂಚಿನವರೆಗೂ ತೆಳುವಾಗಿ ಬಳಿದ ಅಂಟು, ಫ್ಯಾನಿನ ಗಾಳಿ. ನಮ್ಮಲ್ಲಿ ನಿಂತಿರುವುದು ಇದೇ.

ಅಂಟು ಬಳಿದ ಕೂಡಲೇ ಅಂಟಿಸಬೇಡಿ. ಒದ್ದೆಯಾದ ಕಾಗದ ಹಿಗ್ಗುತ್ತದೆ. ಅರ್ಧ ನಿಮಿಷ ಬಿಟ್ಟು, ಹಿಗ್ಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಿದರೆ ಸುಕ್ಕು ಕಡಿಮೆ. ಬಾಟಲಿ ಬಿಸಿ ಇರಬಾರದು, ಫ್ರಿಜ್ಜಿನಿಂದ ತೆಗೆದದ್ದೂ ಆಗಬಾರದು. ಉಪ್ಪಿನಕಾಯಿ ಭರಣಿಗಳಲ್ಲಂತೂ ಕಣ್ಣಿಗೆ ಕಾಣದ ಎಣ್ಣೆಯ ಪಸೆ ಇದ್ದೇ ಇರುತ್ತದೆ. ತುಂಬಿ ಮುಚ್ಚಿದ ಮೇಲೆ ಸೋಪಿನ ನೀರಿನ ಬಟ್ಟೆ, ಆಮೇಲೆ ಒಣಬಟ್ಟೆ, ಕೊನೆಗೆ ಸ್ಪಿರಿಟ್. ಅದನ್ನು ಬಿಟ್ಟರೆ ಎಂಥ ಅಂಟೂ ಹಿಡಿಯದು.

ಇನ್ನು ಅಂಟು. ನನ್ನ ಆಯ್ಕೆ ಮೈದಾ: ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು, ಹೊಳಪು ಬರುವವರೆಗೆ ಕುದಿಸಬೇಕು. ಅಂದಂದಿನದು ಅಂದೇ. ಸಿನಿಮಾ ಪೋಸ್ಟರ್ ಅಂಟಿಸುವವರು ಹುಳ ಬಾರದಂತೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ತಿನ್ನುವ ಪದಾರ್ಥದ ಹತ್ತಿರವೂ ಸುಳಿಯಬಾರದು. ಬರೀ ಹಾಲು ಬಳಿದರೂ ಲೇಬಲ್ ಚೆನ್ನಾಗಿ ಕೂರುತ್ತದೆ, ಅದರಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಗುಣ ಅದು. ಬಿಯರ್ ಬಾಟಲಿಗಳ ಲೇಬಲ್ಲು ಐಸ್ ನೀರಿಗೂ ಬಿಡದಿರಲೆಂದು ಕಾರ್ಖಾನೆಗಳು ಬಳಸುವುದೂ ಕೇಸೀನಿನ ಅಂಟನ್ನೇ. ಆದರೆ ಅದು ಸಂಸ್ಕರಿಸಿದ್ದು, ಮನೆಯ ಹಾಲು ಆ ಮಟ್ಟಕ್ಕೆ ತಡೆಯದು. ಫ್ರಿಜ್ಜಿನಲ್ಲಿಡುವ ಶರಬತ್ತಿನ ಬಾಟಲಿಗೆ ನಾನು ಅಂಟಿಸುವುದನ್ನೇ ಬಿಟ್ಟು ಕೊರಳಿಗೆ ದಾರದಲ್ಲಿ ಚೀಟಿ ಕಟ್ಟುತ್ತೇನೆ.

ಮುದ್ರಣ ಲೇಸರ್ ಪ್ರಿಂಟರಿನದ್ದೇ ಇರಲಿ. ಅದರ ಟೋನರ್ ಬಿಸಿಗೆ ಕರಗಿ ಕಾಗದಕ್ಕೆ ಹಿಡಿದ ಪ್ಲಾಸ್ಟಿಕ್ ಪುಡಿ. ಸಾಮಾನ್ಯ ಇಂಕ್‌ಜೆಟ್ ಬಣ್ಣವೋ ಒಂದು ಹನಿಗೆ ಹರಡಿಬಿಡುತ್ತದೆ. ಹರಡಿದರೆ ಅಂದ ಕೆಟ್ಟಿತು ಎಂದಷ್ಟೇ ಅಲ್ಲ. ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಎಷ್ಟು ದಿನ ಬಳಸಬಹುದು, ಸಾಸಿವೆ ಇದೆಯೇ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಸಂಖ್ಯೆ, ಎಲ್ಲವೂ ಇರುವುದು ಆ ಚೀಟಿಯಲ್ಲೇ. ಊಟಕ್ಕೆ ಕೂತವರು ಅದನ್ನು ನಂಬಿಯೇ ಬಾಟಲಿ ತೆರೆಯುತ್ತಾರೆ.

ಗಿರಾಕಿಗಳು ಖಾಲಿ ಭರಣಿ ಮರಳಿಸುವುದರಿಂದ ಮೈದಾ ನನಗೆ ಇನ್ನೊಂದು ರೀತಿಯಲ್ಲೂ ಇಷ್ಟ. ಬೆಚ್ಚಗಿನ ನೀರಿನಲ್ಲಿ ನೆನೆಹಾಕಿದರೆ ಲೇಬಲ್ ಇಡಿಯಾಗಿ ಬಿಟ್ಟುಬರುತ್ತದೆ. ಅಂಗಡಿಯ ಸ್ಟಿಕರಿನ ಗೋಂದಾದರೆ ಎಣ್ಣೆ, ಅಡುಗೆ ಸೋಡಾ ಹಚ್ಚಿ ಉಜ್ಜಬೇಕು. ಆಮೇಲೆ ಆ ಎಣ್ಣೆಯನ್ನೂ ತೊಳೆಯಬೇಕು.