ಏಳು ವರ್ಷ ದುಡಿದವರಿಗೆ ಊರಿಗೆ ಹೋಗುವ ರಜೆ

ಒಂದೇ ಕಡೆ ಇಪ್ಪತ್ತೈದು ವರ್ಷ ದುಡಿದವರಿಗೆ ನಮ್ಮಲ್ಲಿ ಏನು ಸಿಗುತ್ತದೆ ಅಂತ ಕೋಲಾರ, ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಹೆಸರು ಕೆತ್ತಿಸಿದ ಫಲಕ. ತುಮಕೂರಿನ ಎಚ್‌ಎಂಟಿ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಒಂದು ಕೈಗಡಿಯಾರ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲೂ ಇದರ ತಮ್ಮನಂಥದ್ದು ಇದೆ. ಬೆಳಗ್ಗೆ ಹತ್ತೂವರೆಗೆ ಎಲ್ಲರನ್ನೂ ಸೇರಿಸಿ ಟೀ, ಕೇಕ್ ಕೊಡುತ್ತಾರೆ. ಮ್ಯಾನೇಜರ್ ನಾಲ್ಕು ಮಾತಾಡಿ ಪ್ರಮಾಣಪತ್ರವನ್ನೋ ಕೋಟಿಗೆ ಚುಚ್ಚುವ ಪಿನ್ನನ್ನೋ ಕೈಗಿಡುತ್ತಾರೆ. ಉಡುಗೊರೆಯ ಬೆಲೆಗೂ ಇಲ್ಲಿ ತೆರಿಗೆಯ ಲೆಕ್ಕವಿದೆ: ಹದಿನೈದು ವರ್ಷ ತುಂಬಿದವರಿಗೆ 1,000 ಡಾಲರ್‌ವರೆಗಿನ ವಸ್ತುವನ್ನು ಕಂಪನಿ ತೆರಿಗೆಯಿಲ್ಲದೆ ಕೊಡಬಹುದು, ಅದರ ಮೇಲೆ ಪ್ರತಿ ವರ್ಷಕ್ಕೆ ಇನ್ನೂ 100. ನಗದು ಕೊಟ್ಟರೆ ಈ ವಿನಾಯಿತಿ ಇಲ್ಲ.

ಆದರೆ ಇಲ್ಲಿಗೆ ಬರುವ ನಮ್ಮವರು ತಿಳಿದಿರಬೇಕಾದ್ದು ಪಿನ್ನಿನ ವಿಷಯವಲ್ಲ, ಲಾಂಗ್ ಸರ್ವಿಸ್ ಲೀವ್ ವಿಷಯ. ಅಂದರೆ ದೀರ್ಘ ಸೇವೆಗಾಗಿ ಕಾನೂನೇ ಕೊಡಿಸುವ ಸಂಬಳಸಹಿತ ರಜೆ. ವರ್ಷಕ್ಕೆ ನಾಲ್ಕು ವಾರದ ಮಾಮೂಲಿ ರಜೆಗೆ ಇದು ಹೆಚ್ಚುವರಿ. ಕಂಪನಿಯವರ ದೊಡ್ಡ ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ.

ಇದರ ಮೂಲ ಕೇಳಿದರೆ ಹೊರನಾಡಿನಲ್ಲಿರುವವರಿಗೆ ತಮ್ಮದೇ ಕಥೆ ಅನ್ನಿಸುತ್ತದೆ. 1860ರ ದಶಕದಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾದ ಸರ್ಕಾರಿ ನೌಕರರು ಹೆಚ್ಚಾಗಿ ಬ್ರಿಟನ್ನಿನಿಂದ ಬಂದವರು. ಹಡಗಿನಲ್ಲಿ ಊರಿಗೆ ಹೋಗಿಬರುವುದಕ್ಕೇ ತಿಂಗಳುಗಟ್ಟಲೆ ಬೇಕಿತ್ತು. ವಾರದ ಲೆಕ್ಕದ ರಜೆಯಲ್ಲಿ ತಾಯಿ ತಂದೆಯ ಮುಖ ನೋಡುವುದು ಆಗದ ಮಾತು. ಹಾಗಾಗಿ ಬಹಳ ವರ್ಷ ದುಡಿದವರಿಗೆ ಊರಿಗೆ ಹೋಗಿಬರಲೆಂದೇ ಉದ್ದದ ರಜೆ ಕೊಟ್ಟರು. 1950ರ ದಶಕದಲ್ಲಿ ಇದು ಖಾಸಗಿ ಕೆಲಸಗಾರರಿಗೂ ಕಾನೂನಿನ ಹಕ್ಕಾಯಿತು. ಹಡಗು ಹೋಗಿ ವಿಮಾನ ಬಂದರೂ ರಜೆ ಉಳಿದುಕೊಂಡಿದೆ.

ಒಂದೊಂದು ರಾಜ್ಯದಲ್ಲಿ ಒಂದೊಂದು ಲೆಕ್ಕ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಹತ್ತು ವರ್ಷಕ್ಕೆ ಎರಡು ತಿಂಗಳು. ಸೌತ್ ಆಸ್ಟ್ರೇಲಿಯಾದಲ್ಲಿ ಹತ್ತು ವರ್ಷಕ್ಕೆ 13 ವಾರ. ಇಲ್ಲಿ ವಿಕ್ಟೋರಿಯಾದ ಲೆಕ್ಕವನ್ನೇ ಬಿಡಿಸಿ ಹೇಳುತ್ತೇವೆ. 2018ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ, ಒಬ್ಬರೇ ಮಾಲೀಕರ ಬಳಿ ಏಳು ವರ್ಷ ಸತತವಾಗಿ ದುಡಿದವರು ರಜೆ ತೆಗೆದುಕೊಳ್ಳಬಹುದು. ದುಡಿದ ಒಟ್ಟು ವಾರಗಳನ್ನು 60ರಿಂದ ಭಾಗಿಸಿದರೆ ಬಂದದ್ದೇ ನಿಮ್ಮ ರಜೆ. ಏಳು ವರ್ಷ ಅಂದರೆ 364 ವಾರ, ಅದಕ್ಕೆ 6.07 ವಾರ ರಜೆ. ಹತ್ತು ವರ್ಷಕ್ಕೆ 8.67, ಹದಿನೈದಕ್ಕೆ 13. ವಾರಕ್ಕೆ 1,500 ಡಾಲರ್ ಸಂಬಳದವರಿಗೆ ಏಳು ವರ್ಷದ ರಜೆಯ ಬೆಲೆ 9,100 ಡಾಲರ್. ಅರ್ಧ ಸಂಬಳ ಸಾಕು ಅಂದರೆ ಅದೇ ರಜೆಯನ್ನು ಎರಡರಷ್ಟು ಉದ್ದ ಮಾಡಿಸಿಕೊಳ್ಳಬಹುದು, ಹನ್ನೆರಡು ವಾರ ಊರಲ್ಲಿರಬಹುದು. ಬೇಡ, ಬಿಡಿಬಿಡಿಯಾಗಿ ಸಾಕು ಅನ್ನುವವರು ಒಂದೊಂದು ದಿನವಾಗಿಯೂ ತೆಗೆದುಕೊಳ್ಳಬಹುದು.

ಎಡವುವುದು ಎಲ್ಲಿ? ಮೊದಲನೆಯದು, ಏಳು ವರ್ಷಕ್ಕೆ ಒಂದು ವಾರ ಮುಂಚೆ ರಾಜೀನಾಮೆ ಕೊಟ್ಟರೂ ವಿಕ್ಟೋರಿಯಾದಲ್ಲಿ ಸೊನ್ನೆ. ತುಂಬಿದ ಮೇಲೆ ಯಾವ ಕಾರಣಕ್ಕೆ ಕೆಲಸ ಬಿಟ್ಟರೂ, ಅವರೇ ತೆಗೆದುಹಾಕಿದರೂ, ಉಳಿದ ರಜೆಯ ಹಣ ಕೊನೆಯ ದಿನವೇ ಕೈಗೆ ಬರಬೇಕು. ಆದ್ದರಿಂದ ಹೊಸ ಕೆಲಸದ ಆಫರ್ ಬಂದಾಗ ಹಳೆ ಕೆಲಸಕ್ಕೆ ಸೇರಿದ ತಾರೀಖು ಹುಡುಕಿ ತೆಗೆಯಿರಿ. ಪೇಸ್ಲಿಪ್‌ನಲ್ಲಿ ಈ ರಜೆಯ ಲೆಕ್ಕ ಎಲ್ಲರಿಗೂ ಕಾಣುವುದಿಲ್ಲ, ಕಾಣದಿದ್ದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ.

ಇನ್ನೊಂದು ತಪ್ಪು ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬರುವಂಥದ್ದು, ಬಹಳ ನೋವು ಕೊಡುವಂಥದ್ದು. ಆರು ವರ್ಷ ವಾರಕ್ಕೆ 38 ಗಂಟೆ ದುಡಿದು, ಏಳನೇ ವರ್ಷ ಮಗುವಿಗಾಗಿ 19 ಗಂಟೆಗೆ ಇಳಿದವರನ್ನು ತೆಗೆದುಕೊಳ್ಳಿ. ಸಂಬಳ ವಿಭಾಗದವರು ಈಗಿನ 19 ಗಂಟೆಯನ್ನೇ ಹಿಡಿದು ಲೆಕ್ಕ ಹಾಕಿಬಿಡುತ್ತಾರೆ. ಕಾಯ್ದೆ ಹೇಳುವುದು ಬೇರೆ. ಕಳೆದ ಎರಡು ವರ್ಷದಲ್ಲಿ ಗಂಟೆ ಬದಲಾಗಿದ್ದರೆ ಮೂರು ಸರಾಸರಿ ತೆಗೆಯಬೇಕು: ಕಳೆದ ಒಂದು ವರ್ಷದ್ದು, ಕಳೆದ ಐದು ವರ್ಷದ್ದು, ಇಡೀ ಸೇವೆಯದ್ದು. ಮೂರರಲ್ಲಿ ಯಾವುದು ದೊಡ್ಡದೋ ಅದನ್ನೇ ಕೊಡಬೇಕು. ಇಲ್ಲಿ ಬರುವುದು 19, 34.2, 35.3. ಗಂಟೆಗೆ 40 ಡಾಲರ್ ಇದ್ದರೆ ತಪ್ಪು ಲೆಕ್ಕದಲ್ಲಿ ಸುಮಾರು 4,610, ಸರಿಯಾದ ಲೆಕ್ಕದಲ್ಲಿ ಸುಮಾರು 8,560. ಹತ್ತಿರ ಹತ್ತಿರ ನಾಲ್ಕು ಸಾವಿರ ಡಾಲರ್ ಒಂದು ಗುಣಾಕಾರದಲ್ಲಿ ಹೋಗುತ್ತದೆ. ಹೆರಿಗೆಯ ನಂತರ ಸಂಬಳವಿಲ್ಲದೆ ಮನೆಯಲ್ಲಿದ್ದ ಅವಧಿಯಲ್ಲಿ 52 ವಾರದವರೆಗೂ ಸೇವೆಯೆಂದೇ ಎಣಿಸಬೇಕು. ಅದನ್ನೂ ಕಳೆದುಬಿಡುವವರಿದ್ದಾರೆ. ದಯವಿಟ್ಟು ಸಂಕೋಚ ಪಡದೆ ಲೆಕ್ಕದ ಹಾಳೆ ಕೇಳಿ, ಮೂರೂ ಸರಾಸರಿ ಬರೆದು ತೋರಿಸಿ.

ಕ್ಯಾಷುಯಲ್ (ಗೊತ್ತಾದ ಗಂಟೆಯ ಖಾತ್ರಿಯಿಲ್ಲದ ಕೆಲಸ) ಅಂತ ಸೇರಿಸಿಕೊಂಡವರಿಗೂ ಈ ಹಕ್ಕು ಇದೆ. ಎರಡು ಪಾಳಿಗಳ ನಡುವೆ 12 ವಾರ ಮೀರದಂತೆ ಕೆಲಸ ನಡೆದಿದ್ದರೆ ಸೇವೆ ತುಂಡಾಗುವುದಿಲ್ಲ. ಓದಲು ಬಂದು ರಾತ್ರಿ ಆಫೀಸ್ ಕ್ಲೀನಿಂಗ್, ಸೆಕ್ಯುರಿಟಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇನ್ನೊಂದು ದಾರಿಯೂ ಇದೆ. 2019ರ ಜುಲೈನಿಂದ ಗುತ್ತಿಗೆ ಕ್ಲೀನಿಂಗ್, ಸೆಕ್ಯುರಿಟಿ, ಸಮುದಾಯ ಸೇವೆ ಈ ಮೂರು ಕ್ಷೇತ್ರಗಳಲ್ಲಿ ಸೇವೆ ಕಂಪನಿಗಲ್ಲ, ಕೆಲಸಗಾರನಿಗೆ ಅಂಟಿಕೊಂಡು ಬರುತ್ತದೆ. ಮಾಲೀಕರು ಮೂರು ತಿಂಗಳಿಗೊಮ್ಮೆ ಬೆಂಡಿಗೋ ಊರಿನಲ್ಲಿರುವ ಪ್ರಾಧಿಕಾರಕ್ಕೆ ಲೆಕ್ಕ ಒಪ್ಪಿಸಿ ಹಣ ಕಟ್ಟುತ್ತಾರೆ. ಗುತ್ತಿಗೆದಾರ ಬದಲಾದರೂ ನಿಮ್ಮ ವರ್ಷಗಳು ಉಳಿಯುತ್ತವೆ. ನಿಮ್ಮ ಹೆಸರು ನೋಂದಣಿಯಾಗಿದೆಯೇ ಅಂತ ಮೊದಲ ವರ್ಷವೇ ವಿಚಾರಿಸಿ, ಏಳನೇ ವರ್ಷ ಹುಡುಕಾಡಬೇಡಿ.

ಇದನ್ನು ಬರೆಯುವಾಗ ನರಸಾಪುರ, ವೇಮಗಲ್, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳ ಗುತ್ತಿಗೆ ಕೆಲಸಗಾರರು ನೆನಪಾಗದೆ ಇರುವುದಿಲ್ಲ. ಅದೇ ಶೆಡ್, ಅದೇ ಯಂತ್ರ, ಆದರೆ ಗುತ್ತಿಗೆದಾರನ ಹೆಸರು ಬದಲಾದರೆ ಸೇವೆ ಮತ್ತೆ ಒಂದರಿಂದ ಶುರು. ನಮ್ಮಲ್ಲಿ ದೀರ್ಘ ಸೇವೆಗೆ ಕಾನೂನು ಕೊಡುವುದು ರಜೆಯಲ್ಲ, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಒಟ್ಟಿಗೆ ಸಿಗುವ ಹಣ. ಕೊನೆಯ ತಿಂಗಳ ವೇತನವನ್ನು (ಮುಖ್ಯವಾಗಿ ಮೂಲವೇತನ ಮತ್ತು ತುಟ್ಟಿಭತ್ಯೆ) 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. 20,000 ರೂಪಾಯಿಯವರಿಗೆ ಹತ್ತು ವರ್ಷಕ್ಕೆ 1,15,385. ಐದು ವರ್ಷ ತುಂಬಿರಬೇಕು ಎಂಬುದು ಹಳೆಯ ನಿಯಮ, ಕಾಯಂ ನೌಕರರಿಗೆ ಅದು ಈಗಲೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಲ್ಲುತ್ತದೆ. ಊರಲ್ಲಿರುವ ತಮ್ಮ ತಂಗಿಯರಿಗೆ ಇದನ್ನು ಹೇಳಿ. ಪಿಎಫ್ ಪಾಸ್‌ಬುಕ್ಕಿನಲ್ಲಿ ಮಾಲೀಕರ ಹೆಸರು ಮತ್ತು ತಿಂಗಳು ದಾಖಲಾಗಿರುತ್ತದೆ. ನೇಮಕಾತಿ ಪತ್ರ ಕೈಗೆ ಸಿಗದವರಿಗೆ ಅದೇ ಸಾಕ್ಷಿ, ಅದನ್ನು ತೆಗೆದಿಟ್ಟುಕೊಳ್ಳಲಿ.

ಮತ್ತೆ ಮೆಲ್ಬರ್ನಿಗೆ. ರಜೆ ಉಳಿಸಿ ಕೆಲಸ ಬಿಡುವಾಗ ಹಣವಾಗಿ ಪಡೆಯೋಣ ಎಂಬ ಯೋಚನೆ ನಮ್ಮವರಲ್ಲಿ ಬಹಳ. ಅದು ನಷ್ಟದ ಲೆಕ್ಕ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಕೆಲಸದಲ್ಲಿದ್ದುಕೊಂಡೇ ರಜೆಯನ್ನು ಹಣಕ್ಕೆ ಮಾರಿಕೊಳ್ಳಲು ವಿಕ್ಟೋರಿಯಾದಲ್ಲಿ ಅವಕಾಶವೇ ಇಲ್ಲ. ರಜೆ ತೆಗೆದುಕೊಂಡರೆ ಆ ವಾರಗಳ ಸಂಬಳದ ಮೇಲೆ ನಿವೃತ್ತಿ ನಿಧಿಗೆ ಶೇ. 12 ಜಮೆಯಾಗುತ್ತದೆ, 9,100ಕ್ಕೆ 1,092 ಡಾಲರ್. ಆ ದಿನಗಳಲ್ಲಿ ಮಾಮೂಲಿ ರಜೆಯೂ ಬೆಳೆಯುತ್ತಿರುತ್ತದೆ. ಬಿಡುವಾಗ ಹಣವಾಗಿ ಪಡೆದರೆ ಈ ಎರಡೂ ಇಲ್ಲ.

ಅರ್ಜಿಯನ್ನು ಇಮೇಲ್‌ನಲ್ಲೇ ಹಾಕಿ. ಸೇರಿದ ತಾರೀಖು, ಒಟ್ಟು ವಾರ, ಕೇಳುತ್ತಿರುವ ವಾರ, ಪೂರ್ತಿ ಸಂಬಳವೋ ಅರ್ಧವೋ ಎಂಬ ನಾಲ್ಕು ವಿವರ ಸಾಕು. ಕೆಲಸಕ್ಕೆ ತೊಂದರೆಯಾಗುವ ಸರಿಯಾದ ಕಾರಣವಿಲ್ಲದೆ ಅವರು ಇಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಶಾಖೆಯಿಂದ ಇದೇ ಕಂಪನಿಯ ಕೆಲಸಕ್ಕೆ ಬಂದವರು, ಅಲ್ಲಿನ ವರ್ಷಗಳನ್ನು ಎಣಿಸುತ್ತೀರಾ ಅಂತ ಕೇಳಿ ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಯಾವ ತಿಂಗಳು ಹೋಗುವುದು? ಮಕ್ಕಳ ದೊಡ್ಡ ರಜೆ ಡಿಸೆಂಬರ್ ಕೊನೆಯಿಂದ ಜನವರಿವರೆಗೆ, ಕೋಲಾರದಲ್ಲಿ ಸೊಗಡಿನ ಅವರೆಕಾಯಿ, ಸಂಕ್ರಾಂತಿ ಎರಡೂ ಸಿಗುವ ಹೊತ್ತು. ಟಿಕೆಟ್ಟೂ ಆಗಲೇ ದುಬಾರಿ, ಆಫೀಸಿನಲ್ಲಿ ಎಲ್ಲರೂ ರಜೆ ಕೇಳುವುದೂ ಆಗಲೇ. ಜೂನ್ ಕೊನೆಯಲ್ಲಿ ಎರಡು ವಾರ ಶಾಲೆಗೆ ಬಿಡುವು, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವು ಇನ್ನೂ ಇರುತ್ತದೆ, ಮೆಲ್ಬರ್ನ್ ಚಳಿಯಿಂದಲೂ ಪಾರು. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಮೇ ಕೊನೆಗೇ ಹೊರಟು, ಬಾದಾಮಿ ಹಣ್ಣಿನಿಂದ ಹಿಡಿದು ನೀಲಂ ಮುಗಿಯುವವರೆಗೂ ಅಪ್ಪ ಅಮ್ಮನ ಜೊತೆ ಇದ್ದು ಬರಬಹುದು.